ಚಿತ್ರದ ನವಿಲು, ಮಗುವಿನ ಕೈ

ಮನೆಯಲ್ಲಿ ಮೂರೂವರೆ ವರ್ಷದ ಮಗುವೊಂದಿದೆ ಎಂದಿಟ್ಟುಕೊಳ್ಳೋಣ. ಭಾನುವಾರ, ಹೊರಗೆ ಜಿಟಿಜಿಟಿ ಮಳೆ. ಅಪ್ಪ ಅಮ್ಮ ಮನೆಗೆಲಸದಲ್ಲಿದ್ದಾರೆ. ಮಗುವನ್ನು ನೋಡಿಕೊಳ್ಳುವ ಹೊಣೆ ಕಾಲೇಜಿಗೆ ಹೋಗುವ ಅಕ್ಕನ ಮೇಲೆ ಬಿದ್ದಿದೆ. ಆಕೆ ಮೊಬೈಲ್ ತೆಗೆದು ‘ಕಾಗದದ ನವಿಲು ಮಾಡುವುದು ಹೇಗೆ’ ಎಂದು ಹುಡುಕುತ್ತಾಳೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನೂರಾರು ನವಿಲುಗಳು ಸಾಲುಗಟ್ಟಿ ನಿಲ್ಲುತ್ತವೆ. ಒಂದಕ್ಕಿಂತ ಒಂದು ಚೆಂದ. ಅವುಗಳಲ್ಲೊಂದನ್ನು ಆರಿಸಿಕೊಂಡು, ಬಣ್ಣದ ಕಾಗದ, ಕತ್ತರಿ, ಅಂಟು ಹರಡಿಕೊಂಡು ಇಬ್ಬರೂ ಕುಳಿತುಕೊಳ್ಳುತ್ತಾರೆ. ಅರ್ಧ ಗಂಟೆ ಬಿಟ್ಟು ಹೋಗಿ ನೋಡಿದರೆ ಅಕ್ಕ ಏಕಾಗ್ರತೆಯಿಂದ ನವಿಲಿನ ಗರಿ ಮಡಿಸುತ್ತಿದ್ದಾಳೆ. ಮಗು ಗೋಡೆಗೆ ಒರಗಿಕೊಂಡು ಅದೇ ಮೊಬೈಲಿನಲ್ಲಿ ಮತ್ತೇನನ್ನೋ ನೋಡುತ್ತಿದೆ.

ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಹೀಗೇಕಾಗುತ್ತದೆ ಎಂಬುದಕ್ಕೆ ಕಾರಣಗಳಿವೆ, ಆ ಕಾರಣಗಳು ಸ್ವಾರಸ್ಯಕರವೂ ಆಗಿವೆ. ಈ ಪುಟಗಳನ್ನು ಓದುವ ನಿಮ್ಮಲ್ಲಿ ಹಲವರಿಗೆ ಪುಟ್ಟ ತಮ್ಮ ತಂಗಿಯರಿರಬಹುದು, ಅಕ್ಕನ ಮಕ್ಕಳಿರಬಹುದು. ಕೆಲವರು ನಾಳೆ ಶಿಕ್ಷಕರಾಗುವವರು. ಆದ್ದರಿಂದ ಈ ವಿಷಯವನ್ನು ಸ್ವಲ್ಪ ಸಾವಕಾಶವಾಗಿ ನೋಡೋಣ.

ದೂರದಿಂದ ಬಂದ ಉಪಾಯಗಳು

‘ಹಿಂದೆ ಮಕ್ಕಳು ತಾವೇ ಆಟಿಕೆ ಮಾಡಿಕೊಳ್ಳುತ್ತಿದ್ದರು, ಇಂಟರ್‌ನೆಟ್ ಬಂದು ಎಲ್ಲವೂ ಹಾಳಾಯಿತು’ ಎಂದು ಹೇಳುವುದು ಸುಲಭ. ಆದರೆ ಅದು ಪೂರ್ತಿ ನಿಜವಲ್ಲ. ಕೈಕೆಲಸದ ಉಪಾಯಗಳು ಬಹು ಹಿಂದಿನಿಂದಲೂ ಊರಿನಿಂದ ಊರಿಗೆ, ದೇಶದಿಂದ ದೇಶಕ್ಕೆ ಸಂಚರಿಸುತ್ತಲೇ ಇವೆ.

ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ ಎಂಬ ಶಿಕ್ಷಣತಜ್ಞ 1837ರಲ್ಲಿ ಬ್ಲಾಂಕನ್‌ಬರ್ಗ್ ಎಂಬ ಊರಿನಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ಆರಂಭಿಸಿದ. 1840ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’, ಅಂದರೆ ಮಕ್ಕಳ ತೋಟ ಎಂದು ಹೆಸರಿಟ್ಟ. ಇಂದು ನಮ್ಮ ಬೀದಿಬೀದಿಗಳಲ್ಲಿರುವ ಎಲ್‌ಕೆಜಿ, ಯುಕೆಜಿಗಳ ‘ಕೆಜಿ’ ಅಲ್ಲಿಂದ ಬಂದದ್ದು. ಫ್ರೋಬೆಲ್ ಮಕ್ಕಳ ಕೈಗೆ ಕೊಟ್ಟದ್ದು ಪುಸ್ತಕವನ್ನಲ್ಲ. ಉಣ್ಣೆಯ ಚೆಂಡು, ಮರದ ತುಂಡುಗಳು, ಮಡಿಸಲು ಕಾಗದ, ಹೆಣೆಯಲು ಪಟ್ಟಿಗಳು, ಕಲಸಲು ಜೇಡಿಮಣ್ಣು, ಇವೇ ಅಲ್ಲಿನ ಸಾಮಗ್ರಿಗಳಾಗಿದ್ದವು. ಇವುಗಳಲ್ಲಿ ಒಂದು ಬಹಳ ಸೊಗಸಾಗಿದೆ: ನೆನೆಸಿದ ಬಟಾಣಿ ಕಾಳಿಗೆ ಸಣ್ಣ ಕಡ್ಡಿ ಚುಚ್ಚಿ ಮನೆ, ಏಣಿ, ಕುರ್ಚಿಗಳ ಆಕಾರ ಕಟ್ಟುವುದು. ಕಾಳು ಒಣಗಿದ ಮೇಲೆ ಕಡ್ಡಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಈ ಕಾಗದ ಮಡಿಸುವ ಆಟ ಸಮುದ್ರ ದಾಟಿ ಮದರಾಸಿಗೂ ಬಂದಿತು. ಅಲ್ಲಿನ ಟಿ. ಸುಂದರ ರಾವ್ ಎಂಬುವರು ಅದನ್ನು ಕಂಡು, ಬರೀ ಕಾಗದ ಮಡಿಸಿಯೇ ರೇಖಾಗಣಿತದ ಎಷ್ಟು ವಿಷಯಗಳನ್ನು ತೋರಿಸಬಹುದು ಎಂದು ಯೋಚಿಸಿದರು. ಅದರ ಫಲವೇ 1893ರಲ್ಲಿ ಮದರಾಸಿನಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ, ಕಾಗದ ಮಡಿಕೆಯ ಜ್ಯಾಮಿತಿಯನ್ನು ಕುರಿತ ಪುಸ್ತಕ. ಇದರ ಪ್ರೇರಣೆ ಕಿಂಡರ್‌ಗಾರ್ಟನ್ನಿನ ಕಾಗದದ ಆಟವೆಂದು ಅವರೇ ಮುನ್ನುಡಿಯಲ್ಲಿ ಹೇಳಿದ್ದಾರೆ. ಜರ್ಮನಿಯ ಹೆಸರಾಂತ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಉಲ್ಲೇಖಿಸಿದರು. 1901ರಲ್ಲಿ ಅದು ಷಿಕಾಗೋದಲ್ಲಿ ಮರುಮುದ್ರಣವಾಯಿತು. ಜರ್ಮನಿಯ ಶಿಶುವಿಹಾರದಿಂದ ಹೊರಟ ಆಟ ಮದರಾಸಿನಲ್ಲಿ ಗಣಿತವಾಗಿ ಅಮೆರಿಕ ತಲುಪಿತು.

ನಮ್ಮ ಕಾಲದ ಉದಾಹರಣೆ ಅರವಿಂದ ಗುಪ್ತಾ ಅವರದು. ಕಾನ್ಪುರದ ಐಐಟಿಯಲ್ಲಿ ಓದಿದ ಇಂಜಿನಿಯರ್ ಅವರು. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ (ಈಗಿನ ನರ್ಮದಾಪುರಂ) 1972ರಲ್ಲಿ ಆರಂಭವಾಗಿದ್ದ ವಿಜ್ಞಾನ ಶಿಕ್ಷಣ ಕಾರ್ಯಕ್ರಮಕ್ಕೆ 1978ರಲ್ಲಿ ಬಂದ ಅವರು, ಸೈಕಲ್ಲಿನ ವಾಲ್ವ್ ಟ್ಯೂಬನ್ನು ತುಂಡು ಮಾಡಿ ಅದಕ್ಕೆ ಬೆಂಕಿಕಡ್ಡಿಗಳನ್ನು ಸಿಕ್ಕಿಸಿ ಆಕಾರಗಳನ್ನು ಕಟ್ಟಿದರು. ಫ್ರೋಬೆಲ್‌ನ ಬಟಾಣಿಯ ಜಾಗಕ್ಕೆ ರಬ್ಬರ್ ಬಂದಿತು, ಅಷ್ಟೇ. ತ್ರಿಕೋನವನ್ನು ಅಮುಕಿದರೆ ಅದು ಅಲುಗುವುದಿಲ್ಲ; ಚೌಕವನ್ನು ಅಮುಕಿದರೆ ಓರೆಯಾಗಿ ಕುಸಿಯುತ್ತದೆ. ಸೇತುವೆಗಳಲ್ಲಿ ತ್ರಿಕೋನಗಳೇಕೆ ಇರುತ್ತವೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವುದು ಕಷ್ಟ. ಅವರ ಇಂತಹ ಪ್ರಯೋಗಗಳ ನೂರಕ್ಕೂ ಹೆಚ್ಚು ಕಿರುಚಿತ್ರಗಳು ದೂರದರ್ಶನದಲ್ಲಿ ಪ್ರಸಾರವಾದವು. ಅವರ ಪುಸ್ತಕಗಳೂ ಆಟಿಕೆ ಮಾಡುವ ವಿಧಾನಗಳೂ ಹಲವು ಭಾರತೀಯ ಭಾಷೆಗಳಲ್ಲಿ ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ದೊರೆಯುತ್ತವೆ. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಆದ್ದರಿಂದ ಉಪಾಯ ದೂರದಿಂದ ಬಂದಿತೆಂಬುದು ದೋಷವಲ್ಲ. ತೆಂಗಿನ ಗರಿಯಲ್ಲಿ ಪೀಪಿ ಸುತ್ತುವುದನ್ನು ಹೇಳಿಕೊಡಲು ಅಜ್ಜನೂ ಇಲ್ಲದ, ಅಂಗಳದಲ್ಲಿ ತೆಂಗಿನ ಮರವೂ ಇಲ್ಲದ ಮನೆಯ ತಾಯಿಗೆ ಮೊಬೈಲಿನ ಚಿತ್ರವೇ ಆಸರೆ. 2005ರಲ್ಲಿ ಯೂಟ್ಯೂಬ್, 2010ರಲ್ಲಿ ಪಿಂಟರೆಸ್ಟ್ ಬಂದ ಮೇಲೆ ಈ ಆಸರೆ ಬಹಳ ದೊಡ್ಡದಾಯಿತು. ಹೊಸದು ಇರುವುದು ಬೇರೆ ಕಡೆ. ಫ್ರೋಬೆಲ್ ಕೊಟ್ಟದ್ದು ಸಾಮಗ್ರಿಯನ್ನು. ಬಟಾಣಿಯನ್ನು ನೋಡಿದರೆ ಅದು ಏನಾಗುತ್ತದೆಂದು ಮೊದಲೇ ತಿಳಿಯುವುದಿಲ್ಲ. ಇಂದು ಮಗುವಿನ ಮುಂದೆ ಮೊದಲು ಬಂದು ನಿಲ್ಲುವುದು ಮುಗಿದ ವಸ್ತು. ಅದೂ ನುರಿತ ದೊಡ್ಡವರ ಕೈಯಲ್ಲಿ ಮುಗಿದು, ಒಳ್ಳೆಯ ಬೆಳಕಿನಲ್ಲಿ ತೆಗೆದ ಚಿತ್ರ. ಎರಡು ಗಂಟೆಯ ಕೆಲಸ ಒಂದು ನಿಮಿಷದಲ್ಲಿ ಆಗಿಬಿಡುತ್ತದೆ. ಹರಿದುಹೋದ ಎರಡು ಕಾಗದ ಕಾಣುವುದೇ ಇಲ್ಲ. (ಮೊದಲೇ ಮಾಡಿಟ್ಟುಕೊಂಡದ್ದನ್ನು ಮೇಜಿನ ಕೆಳಗಿನಿಂದ ತೆಗೆದು ತೋರಿಸುವುದು ದೂರದರ್ಶನದವರಿಗೂ ಹೊಸದಲ್ಲ ಬಿಡಿ.)

ಮೂರು ವರ್ಷದ ಕೈ

ಈಗ ಮಗುವಿನ ಕೈಯನ್ನು ನೋಡೋಣ. ದೊಡ್ಡವರ ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ ಎಂಬುದನ್ನು ನೀವು ಜೀವಶಾಸ್ತ್ರದಲ್ಲಿ ಓದಿರುತ್ತೀರಿ. ಹುಟ್ಟಿದ ಮಗುವಿನಲ್ಲಿ ಇವು ಮೂಳೆಗಳಾಗಿರುವುದೇ ಇಲ್ಲ, ಎಲ್ಲವೂ ಮೃದ್ವಸ್ಥಿ. ವರ್ಷಗಳು ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತವೆ. ಮೂರು ವರ್ಷದ ಮಗುವಿನ ಕೈಯ ಎಕ್ಸ್‌ರೇ ತೆಗೆದರೆ ಎಂಟರಲ್ಲಿ ಮೂರೋ ನಾಲ್ಕೋ ಮಾತ್ರ ಕಾಣಿಸುತ್ತವೆ. ಕೊನೆಯದು ಗಟ್ಟಿಯಾಗುವುದು ಒಂಬತ್ತು, ಹತ್ತು ವರ್ಷಗಳ ಹೊತ್ತಿಗೆ ಅಥವಾ ಅದಕ್ಕೂ ತಡವಾಗಿ. ಕೈಯ ಎಕ್ಸ್‌ರೇ ನೋಡಿ ವೈದ್ಯರು ಮಕ್ಕಳ ಬೆಳವಣಿಗೆಯನ್ನು ಅಂದಾಜು ಮಾಡುವುದು ಇದರಿಂದಲೇ. ಬೆರಳುಗಳ ಸಣ್ಣ ಸ್ನಾಯುಗಳು, ಅವುಗಳನ್ನು ನಡೆಸುವ ಮೆದುಳಿನ ಹಿಡಿತ, ಕಣ್ಣು-ಕೈಗಳ ಹೊಂದಾಣಿಕೆ ಎಲ್ಲವೂ ಇದೇ ಅವಧಿಯಲ್ಲಿ ನಿಧಾನವಾಗಿ ಬೆಳೆಯುತ್ತವೆ.

ಇದರ ಪರಿಣಾಮ ಕೆಲಸದಲ್ಲಿ ಕಾಣುತ್ತದೆ. ಸಾಮಾನ್ಯವಾಗಿ ಎರಡು ವರ್ಷದ ಮಗು ನೋಡಿಕೊಂಡು ಒಂದು ನೇರ ಗೆರೆ ಎಳೆಯಬಲ್ಲದು. ಮೂರಕ್ಕೆ ದುಂಡು ಬರುತ್ತದೆ; ನಾಲ್ಕಕ್ಕೆ ಕೂಡಿಸುವ ಚಿಹ್ನೆ; ಐದರ ಆಸುಪಾಸಿನಲ್ಲಿ ಚೌಕ. ತ್ರಿಕೋನದ ಓರೆ ಗೆರೆ ಇನ್ನೂ ಕಷ್ಟ. ಕತ್ತರಿಯಿಂದ ಕಾಗದದ ಅಂಚನ್ನು ಕಚಕ್ ಎಂದು ಕತ್ತರಿಸುವುದು ಮೂರರಲ್ಲಿ ಸಾಧ್ಯ. ಗೆರೆಯ ಮೇಲೆಯೇ ಕತ್ತರಿಸಿಕೊಂಡು ಹೋಗಲು ನಾಲ್ಕು, ಐದಾಗಬೇಕು. ಒಂದು ಮಗು ಸ್ವಲ್ಪ ಮುಂದೆ, ಇನ್ನೊಂದು ಸ್ವಲ್ಪ ಹಿಂದೆ ಇರುವುದು ಸಹಜ.

ಇನ್ನು ಆ ನವಿಲಿಗೆ ಬೇಕಾದದ್ದೇನು? ವೃತ್ತ ಕತ್ತರಿಸಬೇಕು. ಬೀಸಣಿಗೆಯಂತೆ ಸಮ ಅಗಲದ ಮಡಿಕೆ ಹಾಕಬೇಕು. ಕೊಕ್ಕು ಎಂಬ ಪುಟ್ಟ ತ್ರಿಕೋನ ಬೇಕು. ಅಂಟನ್ನು ತುದಿಗೆ ಮಾತ್ರ ಹಚ್ಚಬೇಕು. ಇವುಗಳಲ್ಲಿ ಮೂರೂವರೆ ವರ್ಷದ ಕೈಗೆ ಒದಗುವುದು ಅಂಟು ಹಚ್ಚುವುದೊಂದೇ, ಅದೂ ತುದಿಗಲ್ಲ, ಪೂರ್ತಿ ಅಂಗೈಗೆ! ಅಕ್ಕ ನವಿಲು ಮಾಡುತ್ತ ಕುಳಿತದ್ದು, ಮಗು ಮೊಬೈಲಿಗೆ ಹೋದದ್ದು ಏಕೆಂದು ಈಗ ಅರ್ಥವಾಗುತ್ತದೆ. ಅಲ್ಲಿ ಮಗುವಿಗೆ ಕೆಲಸವೇ ಇರಲಿಲ್ಲ.

ಹಾಗೆಂದು ಮಗುವಿಗೆ ಏನೂ ಬಾರದೆಂದಲ್ಲ. ಅಮೆರಿಕದ ರೋಡಾ ಕೆಲಾಗ್ ಎಂಬ ಶಿಕ್ಷಕಿ ಪ್ರಪಂಚದ ನಾನಾ ಕಡೆಗಳಿಂದ ಸುಮಾರು ಹತ್ತು ಲಕ್ಷ ಮಕ್ಕಳ ಚಿತ್ರಗಳನ್ನು ಸಂಗ್ರಹಿಸಿ ಅಭ್ಯಾಸ ಮಾಡಿದರು. ಅವರ ಪ್ರಮುಖ ಗ್ರಂಥ 1969ರಲ್ಲಿ ಬಂದಿತು. ನಾವು ಗೀಚು ಎಂದು ತಳ್ಳಿಹಾಕುವ ಗೆರೆಗಳಲ್ಲಿ ಅವರು 20 ಮೂಲ ಬಗೆಗಳನ್ನು ಗುರುತಿಸಿದರು. ಗೀಚಿನಿಂದ ದುಂಡು, ದುಂಡಿನಿಂದ ಸೂರ್ಯ, ಅದರಿಂದ ಮನುಷ್ಯ, ಹೀಗೆ ಒಂದು ಕ್ರಮವಿದೆ. ತಲೆಯಿಂದಲೇ ನೇರವಾಗಿ ಕೈಕಾಲು ಹೊರಟ ಆ ಮನುಷ್ಯನನ್ನು ನಮ್ಮೂರ ಮಗುವೂ ಬರೆಯುತ್ತದೆ, ಎಲ್ಲೋ ದೂರದ ದೇಶದ ಮಗುವೂ ಬರೆಯುತ್ತದೆ. ಅದನ್ನು ತಿದ್ದಿ ‘ಹೊಟ್ಟೆ ಎಲ್ಲಿ?’ ಎಂದು ಕೇಳಬೇಕಾಗಿಲ್ಲ. ಹೊಟ್ಟೆ ತನ್ನ ಕಾಲಕ್ಕೆ ಬರುತ್ತದೆ.

ತೋರಿಸುವುದರ ಬೆಲೆ

‘ಆದರೂ ಮಾಡಿ ತೋರಿಸಿದರೆ ಮಗು ಕಲಿಯುವುದಿಲ್ಲವೇ?’ ಎಂಬ ಪ್ರಶ್ನೆ ಬರುತ್ತದೆ. ಕಲಿಯುತ್ತದೆ. ಆದರೆ ಅದಕ್ಕೊಂದು ಬೆಲೆಯಿದೆ. 2011ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಒಂದು ಪ್ರಯೋಗವನ್ನು ಗಮನಿಸಿ. ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳ ಮುಂದೆ ಕೊಳವೆಗಳಿಂದ ಮಾಡಿದ ಒಂದು ವಿಚಿತ್ರ ಆಟಿಕೆಯನ್ನು ಇಟ್ಟರು. ಅದರಲ್ಲಿ ನಾಲ್ಕು ಗುಟ್ಟುಗಳಿದ್ದವು: ಒಂದು ಕಡೆ ಎಳೆದರೆ ಕೀಚ್ ಎನ್ನುತ್ತದೆ, ಇನ್ನೊಂದು ಕಡೆ ದೀಪ, ಮತ್ತೊಂದು ಕಡೆ ಸಂಗೀತ, ಒಂದು ಕೊಳವೆಯೊಳಗೆ ಕನ್ನಡಿ. ಕೆಲವು ಮಕ್ಕಳಿಗೆ ದೊಡ್ಡವರು ‘ನೋಡು, ಇದು ಹೀಗೆ ಕೆಲಸ ಮಾಡುತ್ತದೆ’ ಎಂದು ಕೀಚ್ ಎನ್ನುವುದನ್ನು ಮಾತ್ರ ತೋರಿಸಿದರು. ಬೇರೆ ಮಕ್ಕಳ ಮುಂದೆ ಅದೇ ಸದ್ದು ಆಕಸ್ಮಿಕವಾಗಿ ಬಂದಂತೆ ನಟಿಸಿದರು. ಫಲಿತಾಂಶವೇನು? ಪಾಠ ಮಾಡಿಸಿಕೊಂಡ ಮಕ್ಕಳು ಕೀಚ್ ಎನ್ನಿಸುತ್ತಲೇ ಉಳಿದರು, ಬೇಗ ಆಟ ಮುಗಿಸಿದರು, ಉಳಿದ ಗುಟ್ಟುಗಳನ್ನು ಕಡಿಮೆ ಕಂಡುಕೊಂಡರು. ‘ದೊಡ್ಡವರು ತೋರಿಸಿದ್ದು ಇಷ್ಟೇ, ಆದ್ದರಿಂದ ಇರುವುದೂ ಇಷ್ಟೇ’ ಎಂದು ಮಗು ತರ್ಕಿಸುತ್ತದೆ. ತರ್ಕವೇನೋ ಸರಿಯಾದದ್ದೇ!

ವಿಡಿಯೋದಿಂದ ತೋರಿಸಿದರೆ ಇನ್ನೂ ಒಂದು ತೊಡಕು. ಸುಮಾರು ಎರಡೂವರೆ ವರ್ಷದವರೆಗಿನ ಮಕ್ಕಳು, ಎದುರಿಗೆ ಕುಳಿತವರು ಮಾಡಿ ತೋರಿಸಿದ್ದಕ್ಕಿಂತ ತೆರೆಯ ಮೇಲೆ ನೋಡಿದ್ದನ್ನು ಕಡಿಮೆ ಕಲಿಯುತ್ತಾರೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಒಂದು ವರ್ಷದೊಳಗಿನ ಮಕ್ಕಳಿಗೆ ತೆರೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿತು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿ ನೀಡಿದ ಸಲಹೆಯೂ ಹೆಚ್ಚು ಕಡಿಮೆ ಇದೇ ದಿಕ್ಕಿನದು.

ಬಹುಮಾನದ ವಿಷಯವನ್ನೂ ಇಲ್ಲಿಯೇ ಹೇಳಬೇಕು. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗ ಮನಶ್ಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತ. ಸ್ಟ್ಯಾನ್‌ಫರ್ಡಿನ ಶಿಶುವಿಹಾರದಲ್ಲಿ ಬಣ್ಣದ ಪೆನ್ನುಗಳಿಂದ ಚಿತ್ರ ಬರೆಯುವುದೆಂದರೆ ಬಹಳ ಇಷ್ಟಪಡುವ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ‘ಚಿತ್ರ ಬರೆದರೆ ರಿಬ್ಬನ್ ಇರುವ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮುಂಚಿತವಾಗಿ ಹೇಳಿ, ಹಾಗೆಯೇ ಕೊಟ್ಟರು. ಕೆಲವರಿಗೆ ಹೇಳದೆ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರದ ಮೇಲೆ ನೋಡಿದಾಗ, ಪ್ರಶಸ್ತಿಯ ಆಸೆಯಿಂದ ಬರೆದಿದ್ದ ಮಕ್ಕಳು ಬಿಡುವಿನ ವೇಳೆಯಲ್ಲಿ ಚಿತ್ರಕ್ಕೆ ಕೊಟ್ಟ ಸಮಯ ಉಳಿದವರದರ ಅರ್ಧದಷ್ಟು ಮಾತ್ರ. ಆಟವಾಗಿದ್ದದ್ದು ದುಡಿಮೆಯಾಗಿಬಿಟ್ಟಿತ್ತು. ಇಂದು ಮಗು ಮಾಡಿದ್ದನ್ನೆಲ್ಲ ಫೋಟೋ ತೆಗೆದು ಹತ್ತು ಗುಂಪುಗಳಿಗೆ ಕಳಿಸಿ, ಬಂದ ಮೆಚ್ಚುಗೆಗಳನ್ನು ಎಣಿಸಿ ಹೇಳುವ ಮನೆಗಳು ಇದನ್ನು ಯೋಚಿಸಬೇಕು. ಅಜ್ಜಿಗೊಂದು ಫೋಟೋ ಕಳಿಸುವುದು ಬೇರೆ. ಫೋಟೋಗಾಗಿ ಮಗುವಿನ ಕೆಲಸವನ್ನು ತಿದ್ದುವುದು ಬೇರೆ.

ಶಾಲೆಯ ‘ಪ್ರಾಜೆಕ್ಟ್’ ಎಂಬುದೂ ಇದೇ ಜಾತಿಗೆ ಸೇರಿದ್ದು. ಥರ್ಮೋಕೋಲಿನ ಸೌರವ್ಯೂಹವನ್ನು ರಾತ್ರಿ ಹನ್ನೊಂದರವರೆಗೆ ಕುಳಿತು ಮಾಡುವವರು ಅಪ್ಪ. ಬೆಳಿಗ್ಗೆ ಅದನ್ನು ಹೊತ್ತುಕೊಂಡು ಹೋಗುವುದು ಮಗು. ಸಿದ್ಧ ಮಾದರಿಗಳನ್ನು ಮಾರುವ ಅಂಗಡಿಗಳೂ ಇವೆ. ತನ್ನ ಕೈಯಿಂದ ಬಂದದ್ದು ತೋರಿಸಲು ಯೋಗ್ಯವಲ್ಲ ಎಂಬ ಪಾಠವನ್ನು ಆರು ವರ್ಷದ ಮಗು ಅಲ್ಲಿ ಸೌರವ್ಯೂಹಕ್ಕಿಂತ ಚೆನ್ನಾಗಿ ಕಲಿಯುತ್ತದೆ. ಶಿಕ್ಷಕರಾಗಲಿರುವವರು ಇದನ್ನು ನೆನಪಿನಲ್ಲಿಡಬೇಕು.

ನವಿಲನ್ನು ಬಿಟ್ಟು ಕ್ರಿಯೆಯನ್ನು ಹಿಡಿಯುವುದು

ಹಾಗಾದರೆ ಮೊಬೈಲನ್ನು ಎತ್ತಿಡಬೇಕೇ? ಬೇಡ. ಮಗು ಮಲಗಿದ ಮೇಲೆ ನೀವು ನೋಡಿ. ನೋಡುವಾಗ ನವಿಲನ್ನು ನೋಡಬೇಡಿ. ಅದರಲ್ಲಿ ಅಡಗಿರುವ ಕ್ರಿಯೆಗಳನ್ನು ನೋಡಿ. ಹರಿಯುವುದು, ಮುದುರುವುದು, ಅದ್ದುವುದು, ಒತ್ತುವುದು, ಪೋಣಿಸುವುದು, ನಾದುವುದು. ಇವುಗಳಲ್ಲಿ ನಿಮ್ಮ ಮನೆಯ ಮಗುವಿನ ಕೈಗೆ ಎಟುಕುವ ಒಂದನ್ನು ಮಾತ್ರ ಆರಿಸಿಕೊಂಡು, ಅದಕ್ಕೆ ಬೇಕಾದ ಸಾಮಾನನ್ನು ಮರುದಿನ ಮಗುವಿನ ಮುಂದಿಡಿ. ಏನು ಮಾಡಬೇಕೆಂದು ಹೇಳುವ ಆತುರ ಬೇಡ.

ನವಿಲುಗರಿಯ ಕಣ್ಣಿನಿಂದ ಹುಟ್ಟುವ ಉಪಾಯ ‘ಒತ್ತುವುದು’. ಬೆಂಡೆಕಾಯಿಯನ್ನು ಅಡ್ಡಲಾಗಿ ಕತ್ತರಿಸಿ ಕೊಟ್ಟರೆ ಐದು ಮೂಲೆಯ ನಕ್ಷತ್ರದ ಅಚ್ಚು ಸಿದ್ಧ. ಈರುಳ್ಳಿ ಉಂಗುರದೊಳಗೆ ಉಂಗುರ ಮೂಡಿಸುತ್ತದೆ. ಬಣ್ಣಕ್ಕೆ ಅರಿಸಿನದ ನೀರು, ಬೀಟ್‌ರೂಟ್ ರಸ ಸಾಕು. ಒಂದು ದಾಸವಾಳದ ಎಸಳನ್ನು ಬಿಳಿ ಕಾಗದದ ಮೇಲೆ ತಿಕ್ಕಿದರೆ ನೇರಳೆ ಬಣ್ಣ ಬರುತ್ತದೆ. ಅದರ ಮೇಲೆ ನಿಂಬೆರಸದ ಹನಿ ಬಿದ್ದರೆ ಕೆಂಪಗಾಗುತ್ತದೆ, ಸಾಬೂನಿನ ನೀರು ಬಿದ್ದರೆ ಹಸಿರಿನತ್ತ ತಿರುಗುತ್ತದೆ. ಹೈಸ್ಕೂಲಿನಲ್ಲಿ ಓದುವ ನಿಮಗೆ ಅದು ಆಮ್ಲ-ಪ್ರತ್ಯಾಮ್ಲದ ಪಾಠ, ಮಗುವಿಗೆ ಮಾಟ.

ಈ ರೀತಿ ನಮ್ಮಲ್ಲಿ ಹೊಸದೇನಲ್ಲ. ಉತ್ತರ ಕರ್ನಾಟಕದಲ್ಲಿ ಜ್ಯೇಷ್ಠದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಹೊಲದಿಂದ ತಂದ ಮಣ್ಣನ್ನು ಹದ ಮಾಡಿ ಎತ್ತುಗಳನ್ನೂ ಅವು ಮೇಯುವ ಗೋದಲಿಯನ್ನೂ ಮಾಡಿ ಪೂಜಿಸುತ್ತಾರೆ. ಈಗ ಅನೇಕ ಮನೆಗಳಲ್ಲಿ ಕುಂಬಾರರಿಂದ ಕೊಂಡು ತರುವುದೂ ಉಂಟು. ಮನೆಯಲ್ಲಿಯೇ ಮಾಡುವಾಗ ಮಗುವಿನ ಕೈಗೂ ಒಂದು ಮುದ್ದೆ ಮಣ್ಣು ಬರುತ್ತದೆ. ಅದರ ಎತ್ತಿಗೆ ಮೂರೇ ಕಾಲಿರಬಹುದು, ಕೋಡು ಕಿವಿಯ ಜಾಗದಲ್ಲಿರಬಹುದು. ಅಜ್ಜ ಮಾಡಿದ ಎತ್ತಿನ ಪಕ್ಕದಲ್ಲಿ ಅದೂ ನಿಲ್ಲುತ್ತದೆ. ಅಜ್ಜ ಮಗುವಿಗಾಗಿ ಪಾಠ ಮಾಡುವುದಿಲ್ಲ. ತನ್ನ ಕೆಲಸ ತಾನು ಮಾಡುತ್ತಿರುತ್ತಾನೆ, ಅದು ನಡುನಡುವೆ ನೋಡಿಕೊಳ್ಳುತ್ತದೆ. ಜೋಳದ ದಂಟಿನ ಸಿಪ್ಪೆ ಸುಲಿದು, ಒಳಗಿನ ಬೆಂಡನ್ನು ತುಂಡರಿಸಿ ಸಿಪ್ಪೆಯ ಕಡ್ಡಿಗಳಿಂದ ಪೋಣಿಸಿ ಚಕ್ಕಡಿ ಕಟ್ಟುತ್ತಿದ್ದ ಹುಡುಗರೂ ಕಲಿತದ್ದು ಹೀಗೆಯೇ, ತಮಗಿಂತ ಎರಡು ವರ್ಷ ದೊಡ್ಡವರ ಪಕ್ಕ ಕುಳಿತು. ಬೆಂಡು ಮತ್ತು ಕಡ್ಡಿ ಎಂದಾಗ ಫ್ರೋಬೆಲ್‌ನ ಬಟಾಣಿ ನಿಮಗೆ ನೆನಪಾದರೆ ಆಶ್ಚರ್ಯವಿಲ್ಲ.

ಅಕ್ಕನಿಗೆ ನವಿಲು ಮಾಡುವ ಆಸೆಯಿದ್ದರೆ ಅವಳು ತನ್ನ ನವಿಲನ್ನು ಮಾಡಿಕೊಳ್ಳಲಿ. ಮಗುವಿನದು ಬೇರೆ ಹಾಳೆಯಲ್ಲಿ ನಡೆಯಲಿ. ಎರಡನ್ನೂ ಹೋಲಿಸದಿದ್ದರೆ ಸಾಕು.

ಸಾಮಾನುಗಳ ವಿಷಯದಲ್ಲಿ ಎಚ್ಚರ

ಅಂಟನ್ನು ಮನೆಯಲ್ಲಿಯೇ ಮಾಡಬಹುದು. ಒಂದು ಚಮಚ ಮೈದಾವನ್ನು ಕಾಲು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಹೊಳಪು ಬರುವವರೆಗೆ ಕಾಯಿಸಿದರೆ ಆಯಿತು. ಹಿಂದೆ ಪುಸ್ತಕಕ್ಕೆ ರಟ್ಟು ಕಟ್ಟುವವರು ಹುಳ ಹಿಡಿಯದಿರಲೆಂದು ಇದಕ್ಕೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಮಕ್ಕಳ ಅಂಟಿಗೆ ಖಂಡಿತ ಬೇಡ.

ಕೆಂಪು ಮೈ, ಕಪ್ಪು ಚುಕ್ಕೆಯ ಗುಲಗಂಜಿ ಕಣ್ಣಿಗೆ ಬಹಳ ಅಂದ. ಗೊಂಬೆಯ ಕಣ್ಣಿಗೆ, ಮಾಲೆಗೆ ಅದನ್ನು ಬಳಸುವುದನ್ನು ಚಿತ್ರಗಳಲ್ಲಿ ನೋಡುತ್ತೇವೆ. ಅದರ ಗಟ್ಟಿ ಸಿಪ್ಪೆಯೊಳಗೆ ಅಬ್ರಿನ್ ಎಂಬ ಉಗ್ರ ವಿಷವಿದೆ. ತೂತು ಮಾಡಿದ ಅಥವಾ ಜಗಿದ ಬೀಜ ಪ್ರಾಣಕ್ಕೆ ಅಪಾಯ. ಮಿನುಗುವ ದೀಪದ ಅಲಂಕಾರಗಳಲ್ಲಿ ಬಳಸುವ ಗುಂಡಿ ಆಕಾರದ ಬ್ಯಾಟರಿ ಇನ್ನೂ ದೊಡ್ಡ ಅಪಾಯ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಟ್ಟ ಗಾಯವಾಗಬಹುದು. ಮಗು ನುಂಗಿದೆ ಎಂಬ ಸಂಶಯ ಬಂದರೂ ವಾಂತಿ ಮಾಡಿಸುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಬಿಡಿ ಅಯಸ್ಕಾಂತಗಳೂ ಹಾಗೆಯೇ. ಮೂರು ವರ್ಷದೊಳಗಿನ ಮಕ್ಕಳಿಗೆ ಮಣಿ, ಒಣ ಬಟಾಣಿ, ಥರ್ಮೋಕೋಲಿನ ಕಾಳುಗಳನ್ನು ಕೊಡಬಾರದು. ಮೂಗು, ಕಿವಿ, ಗಂಟಲು ಮೂರೂ ಹತ್ತಿರದಲ್ಲಿಯೇ ಇವೆ. ಇಂತಹ ಎಚ್ಚರಿಕೆ ಒಂದು ನಿಮಿಷದ ವಿಡಿಯೋದಲ್ಲಿ ಬಹಳ ಸಲ ಇರುವುದೇ ಇಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ರಾಶಿ ಬೀಳುವ ಹಾಳೆಗಳನ್ನು ಏನು ಮಾಡುವುದು? ಎಲ್ಲವನ್ನೂ ಇಡಲಾಗದು, ತಿಂಗಳಿಗೆ ಒಂದೆರಡು ಸಾಕು. ಇಟ್ಟದ್ದರ ಹಿಂಭಾಗದಲ್ಲಿ ಪೆನ್ಸಿಲಿನಿಂದ ತಾರೀಖು ಹಾಕಿ, ಮಗು ಅದನ್ನು ಏನೆಂದು ಕರೆಯಿತೋ ಅದೇ ಮಾತನ್ನು ಬರೆಯಿರಿ: ‘ಇದು ಮಳೆ’, ‘ಇದು ತಾತನ ಗಾಡಿ’, ‘ಇದು ಏನೂ ಅಲ್ಲ’. ಮೈದಾ ಅಂಟಿನ ಹಾಳೆಯನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿಯೇ ಕಟ್ಟಿಡಬೇಕು. ಇಲ್ಲವಾದರೆ ಒಂದಕ್ಕೊಂದು ಅಂಟಿಕೊಂಡು, ಮಳೆಗಾಲ ಮುಗಿಯುವುದರೊಳಗೆ ಜಿರಳೆಗಳ ಪಾಲಾಗುತ್ತದೆ.